ಸೆಲ್ ಹಾಕುವ ಮುನ್ನ ಒಮ್ಮೆ ಓದಿ!

ಹದಿನೈದು ವರ್ಷದ ಹಿಂದಿನ ಮಾತು. ಮೊಮ್ಮಗಳ ಶಾಲೆಯ ವಾರ್ಷಿಕೋತ್ಸವ. ವೇದಿಕೆಯ ಮೇಲೆ ಅವಳು ನವಿಲಾಗಿ ಕುಣಿಯುತ್ತಿದ್ದಾಳೆ, ನನ್ನ ಕೈಯಲ್ಲಿನ ಡಿಜಿಟಲ್ ಕ್ಯಾಮೆರಾಗೆ ಜೀವವೇ ಇಲ್ಲ! ಮುಚ್ಚಳ ತೆರೆದರೆ ಸೆಲ್‌ಗಳ ಸುತ್ತ ಬಿಳಿ ಪುಡಿ. ಸೆಲ್ ಹಾಕಿಯೇ ಎರಡು ವರ್ಷ ಬೀರುವಿನಲ್ಲಿ ಇಟ್ಟಿದ್ದು ನನ್ನದೇ ತಪ್ಪು.

ಆಲ್ಕಲೈನ್ ಸೆಲ್ ಸೋರಿದಾಗ ಹೊರಬರುವುದು ಕ್ಷಾರ. ಬರಿಗೈಯಲ್ಲಿ ಮುಟ್ಟಬಾರದು. ಕೈಗವಸು ತೊಟ್ಟು, ಹತ್ತಿಗೆ ತುಸು ನಿಂಬೆರಸ ಹಚ್ಚಿ ಲೋಹದ ಪಟ್ಟಿಗಳನ್ನು ಒರೆಸಿದೆ. ಆಮೇಲೆ ನೀರಿನಲ್ಲಿ ಅದ್ದಿ ಹಿಂಡಿದ ಹತ್ತಿಯಿಂದ ಮತ್ತೆ ಒರೆಸಿ ಚೆನ್ನಾಗಿ ಒಣಗಿಸಿದೆ. ಕ್ಯಾಮೆರಾ ಉಳಿಯಿತು, ನವಿಲಿನ ಫೋಟೊ ಮಾತ್ರ ಸಿಗಲಿಲ್ಲ.

ಈಗ ಹುಡುಗರಿಗೆ ಹಳೆಯ ಡಿಜಿಟಲ್ ಕ್ಯಾಮೆರಾಗಳ ಮೇಲೆ ಮತ್ತೆ ಒಲವು. ಅವುಗಳಲ್ಲಿ ಎಷ್ಟೋ ಪೆನ್‌ಸೆಲ್‌ನಲ್ಲಿ ಓಡುವಂಥವು. ಗಡಿಯಾರಕ್ಕೆ ಹಾಕುವ ಅಗ್ಗದ ಸೆಲ್ ಇವಕ್ಕೆ ಸಾಲದು. ಗಡಿಯಾರ ಹನಿಹನಿಯಾಗಿ ವಿದ್ಯುತ್ ಕೇಳಿದರೆ, ಕ್ಯಾಮೆರಾ ಕೊಡಗಟ್ಟಲೆ ಕೇಳುತ್ತದೆ. ಅಪರೂಪಕ್ಕೆ ಬಳಸುವವರಿಗೆ ಆಲ್ಕಲೈನ್ ಸಾಕು. ಹೆಚ್ಚು ಬಳಸುವವರಿಗೆ ಚಾರ್ಜ್ ಮಾಡಬಹುದಾದ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ ಒಳ್ಳೆಯದು. ಅದರ ವೋಲ್ಟೇಜ್ 1.5 ಅಲ್ಲ, 1.2. ಕಡಿಮೆ ಎನಿಸಿದರೂ ಭಾರ ಬಿದ್ದಾಗ ಅದು ಆಲ್ಕಲೈನ್‌ನಂತೆ ಬೇಗ ಕುಸಿಯುವುದಿಲ್ಲ. ಹಳೆಯದು ಹೊಸದನ್ನು ಬೆರೆಸಬೇಡಿ. ಬದಲಾಯಿಸಿದರೆ ಎಲ್ಲವನ್ನೂ ಒಟ್ಟಿಗೇ ಬದಲಾಯಿಸಿ.

ಇಲ್ಲೊಂದು ಎಚ್ಚರಿಕೆ. ನೋಡಲು ಪೆನ್‌ಸೆಲ್‌ನಂತೆಯೇ ಇರುವ 14500 ಎಂಬ ಲಿಥಿಯಂ ಅಯಾನ್ ಸೆಲ್ ಸಿಗುತ್ತದೆ. ಮಕ್ಕಳೇ, ಆ ಸಂಖ್ಯೆಯಲ್ಲೇ ಅದರ ಅಳತೆ ಇದೆ: ಅಗಲ 14 ಮಿ.ಮೀ., ಉದ್ದ 50 ಮಿ.ಮೀ. ಆದರೆ ವೋಲ್ಟೇಜ್ 3.7! ಪೆನ್‌ಸೆಲ್ ಜಾಗದಲ್ಲಿ ಇದನ್ನು ಕೂರಿಸಿದರೆ ಕ್ಯಾಮೆರಾ ಸುಟ್ಟುಹೋಗಬಹುದು. ಚೆಕ್ಕಿನಲ್ಲಿ ಸಹಿ ಹೊಂದುತ್ತದೆಯೇ ಎಂದು ನೋಡುವಂತೆ, ಇಲ್ಲಿ ವೋಲ್ಟೇಜ್ ಹೊಂದುತ್ತದೆಯೇ ಎಂದು ನೋಡಬೇಕು.

ಚಪ್ಪಟೆ ಬ್ಯಾಟರಿಯ ಕ್ಯಾಮೆರಾಗಳದ್ದೂ ಇದೇ ಕಥೆ. 1991ರಲ್ಲಿ ಜಪಾನಿನ ಸೋನಿ ಕಂಪನಿ ಮಾರುಕಟ್ಟೆಗೆ ತಂದ ಲಿಥಿಯಂ ಅಯಾನ್ ಜಾತಿಗೆ ಸೇರಿದವು ಇವು. ಹೊಸದು ಕೊಳ್ಳುವಾಗ ಹಳೆಯ ಬ್ಯಾಟರಿಯನ್ನೇ ಅಂಗಡಿಗೆ ಒಯ್ದು, ಮೇಲಿನ ಮಾದರಿ ಸಂಖ್ಯೆ ಮತ್ತು ವೋಲ್ಟೇಜ್ ಎರಡನ್ನೂ ತಾಳೆ ನೋಡಿ. ಅದೇ ಗಾತ್ರದ ಅಗ್ಗದ ಬ್ಯಾಟರಿಯ ಮೇಲೆ ಅಸಲಿಯ ಎರಡು ಪಟ್ಟು ಎಂಎಎಚ್ ಬರೆದಿದ್ದರೆ ನಂಬಬೇಡಿ.

ಬ್ಯಾಟರಿ ಉಬ್ಬಿದ್ದರೆ ಅದರ ಆಯುಸ್ಸು ಮುಗಿದಂತೆ. ಒತ್ತಬೇಡಿ, ಚುಚ್ಚಬೇಡಿ, ಚಾರ್ಜ್‌ಗೆ ಹಾಕಲೇಬೇಡಿ, ಬೆಂಕಿ ಹತ್ತಬಹುದು. ಕಸದ ಬುಟ್ಟಿಗೂ ಎಸೆಯದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ. ವಿಮಾನ ಹತ್ತುವಾಗ ಹೆಚ್ಚುವರಿ ಲಿಥಿಯಂ ಬ್ಯಾಟರಿಗಳು ಕೈಚೀಲದಲ್ಲೇ ಇರಬೇಕು. ಅವುಗಳ ತುದಿ ನಾಣ್ಯ, ಬೀಗದ ಕೈಗೆ ತಾಗದಂತೆ ಪ್ರತ್ಯೇಕ ಡಬ್ಬಿಯಲ್ಲಿಡಿ.

ಮೊನ್ನೆ ಮೊಮ್ಮಗಳು ಬಂದು, "ತಾತ, ಆ ಹಳೇ ಕ್ಯಾಮೆರಾ ಕೊಡ್ತೀರಾ?" ಎಂದಳು. ಕೊಟ್ಟೆ. ಕೈಗೆ ಬಂದದ್ದೇ ತಡ, ಮುಚ್ಚಳ ತೆರೆದು ನೋಡಿ ನಕ್ಕಳು. ಒಳಗೆ ಖಾಲಿ. ಸೆಲ್‌ಗಳು ಪಕ್ಕದ ಡಬ್ಬಿಯಲ್ಲಿದ್ದವು.