ಶಾಲೆಯಲ್ಲಿ ನಿಮ್ಮ ಮಗುವಿನ ಪರ: ಬಾಯಲ್ಲಿ ಹೇಳಿದರೆ ಸಾಲದು, ಬರೆದು ಕೊಡಿ



"ಇಂಥ ಮಕ್ಕಳಿಗೆ ನಮ್ಮಲ್ಲಿ ವ್ಯವಸ್ಥೆ ಇಲ್ಲ, ಬೇರೆ ಕಡೆ ನೋಡಿ." ವಿಕಲಚೇತನ ಮಗುವಿನ ಕೈ ಹಿಡಿದು ಶಾಲೆಗೆ ಹೋದ ಎಷ್ಟೋ ಅಪ್ಪ-ಅಮ್ಮಂದಿರಿಗೆ ಈ ಮಾತು ಹೊಸದಲ್ಲ. ನಮ್ಮೂರಲ್ಲೇ ಇದಕ್ಕೆ ಉತ್ತರ ಕೊಡುವುದು ಕಷ್ಟ. ಭಾಷೆಯೂ ಬೇರೆ, ಕಚೇರಿಗಳೂ ಬೇರೆ ಆದ ಊರಲ್ಲಿದ್ದರೆ? ಈ ಸಲ ಅಂಥ ಒಂದು ಜಾಗವನ್ನೇ ಇಟ್ಟುಕೊಂಡು ಮಾತಾಡೋಣ.

ಕಾಶಿಗೆ ಹೋದವರಿಗೆ ಸೋನಾರ್‌ಪುರ ಗೊತ್ತಿರುತ್ತದೆ. ಗೋದೌಲಿಯಾದಿಂದ ಅಸ್ಸಿ ಕಡೆ ಹೋಗುವ ದಾರಿಯಲ್ಲಿ ಸಿಗುವ ಬಡಾವಣೆ ಅದು. ಅಲ್ಲಿಂದ ಗಲ್ಲಿಗಳಲ್ಲಿ ಇಳಿದರೆ ಕೇದಾರ ಘಾಟ್, ಹನುಮಾನ್ ಘಾಟ್, ಕರ್ನಾಟಕ ಸ್ಟೇಟ್ ಘಾಟ್. ದಕ್ಷಿಣದವರು ತಲೆಮಾರುಗಳಿಂದ ನೆಲೆಸಿರುವ ಜಾಗ. ಅಲ್ಲಿ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಹಿಂದಿ ಎಂದು ಬೆಳೆಯುವ ಮಗುವಿಗೆ ಕಣ್ಣು ಕಾಣದಿದ್ದರೆ, ಕಿವಿ ಕೇಳದಿದ್ದರೆ, ಕಲಿಕೆ ನಿಧಾನವಾಗಿದ್ದರೆ ಹೆತ್ತವರು ಏನು ಮಾಡಬೇಕು?

ವಿಶೇಷ ಶಾಲೆ ಇದೆಯಲ್ಲ?

ಇದೆ. ಸೋನಾರ್‌ಪುರಕ್ಕೆ ಹತ್ತಿರದ ದುರ್ಗಾಕುಂಡದಲ್ಲಿ ಅಂಧ ಮಕ್ಕಳಿಗಾಗಿ ಹನುಮಾನ್ ಪ್ರಸಾದ್ ಪೋದ್ದಾರ್ ಅಂಧ ವಿದ್ಯಾಲಯ ಇದೆ. ಆದರೆ 2020ರಲ್ಲಿ ಅಲ್ಲಿ 9ರಿಂದ 12ನೇ ತರಗತಿಗಳನ್ನು ಮುಚ್ಚಲಾಯಿತು. 2021ರಲ್ಲಿ ವಿದ್ಯಾರ್ಥಿಗಳು ಬೀದಿಯಲ್ಲಿ ಧರಣಿ ಕೂರಬೇಕಾಯಿತು. ವಿಶೇಷ ಶಾಲೆಗಳು ಬೇಕು, ನಿಜ. ಅದೊಂದನ್ನೇ ನೆಚ್ಚಿಕೊಂಡರೆ, ಅದರ ಬಾಗಿಲು ಮುಚ್ಚಿದ ದಿನ ಮಗುವಿನ ಓದೂ ನಿಲ್ಲುತ್ತದೆ. ಹಾಗಾಗಿ ಪಕ್ಕದ ಬೀದಿಯ ಮಾಮೂಲಿ ಶಾಲೆಯೂ ನಿಮ್ಮ ಮಗುವಿನದೇ ಎಂಬುದನ್ನು ಮೊದಲು ತಿಳಿದಿರಿ.

ಕಾನೂನು ಏನು ಹೇಳುತ್ತದೆ?

ವಿಕಲಚೇತನರ ಹಕ್ಕುಗಳ ಕಾಯ್ದೆ 2016ರಲ್ಲಿ ಬಂತು, 2017ರ ಏಪ್ರಿಲ್‌ನಲ್ಲಿ ಜಾರಿಯಾಯಿತು. ಇದರಲ್ಲಿ 21 ಬಗೆಯ ವೈಕಲ್ಯಗಳಿವೆ. ಆಟಿಸಂ, ಡಿಸ್ಲೆಕ್ಸಿಯಾದಂಥ ಕಲಿಕಾ ನ್ಯೂನತೆ ಎಲ್ಲವೂ ಸೇರಿವೆ. ನೆನಪಿಡಬೇಕಾದ ಕಲಮುಗಳು ಮೂರು.

ಕಲಮು 16: ಸರ್ಕಾರದ ಅನುದಾನ ಅಥವಾ ಮಾನ್ಯತೆ ಇರುವ ಶಾಲೆ ತಾರತಮ್ಯವಿಲ್ಲದೆ ಮಗುವನ್ನು ಸೇರಿಸಿಕೊಳ್ಳಬೇಕು. ಕಟ್ಟಡಕ್ಕೆ ಹೋಗಿಬರಲು ಅನುಕೂಲ, ಮಗುವಿನ ಅಗತ್ಯಕ್ಕೆ ತಕ್ಕ ಸಹಾಯ, ಓಡಾಟದ ಸೌಲಭ್ಯ ಇವೆಲ್ಲ ಇದರಲ್ಲೇ ಬರುತ್ತವೆ. ಖಾಸಗಿ ಶಾಲೆಗೂ ಮಾನ್ಯತೆ ಇರುತ್ತದಲ್ಲ, ಅದಕ್ಕೂ ಅನ್ವಯ.

ಕಲಮು 17: ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಬರೆದುಕೊಡಲು ಸಹಾಯಕರು, ಎರಡನೇ-ಮೂರನೇ ಭಾಷೆಯಿಂದ ವಿನಾಯಿತಿ.

ಕಲಮು 31: ಶೇ. 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯ ಪ್ರಮಾಣೀಕೃತವಾದ ಮಗುವಿಗೆ 6ರಿಂದ 18 ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕು. ನೆರೆಹೊರೆಯ ಶಾಲೆಯೋ ವಿಶೇಷ ಶಾಲೆಯೋ, ಆಯ್ಕೆ ನಿಮ್ಮದು.

"ಕಾರ್ಡ್ ತನ್ನಿ, ಆಮೇಲೆ ನೋಡೋಣ" ಎನ್ನುವವರಿದ್ದಾರೆ. ಯುಡಿಐಡಿ ಕಾರ್ಡ್ ಮಾಡಿಸಿಕೊಳ್ಳಿ, ಬಹಳ ಕಡೆ ಬೇಕಾಗುತ್ತದೆ. ಆದರೆ ಕಲಮು 16ರಲ್ಲಿ ಶೇ. 40 ಎಂಬ ಷರತ್ತೇ ಇಲ್ಲ. ಪರೀಕ್ಷೆಯಲ್ಲಿ ಬರೆದುಕೊಡುವ ಸಹಾಯಕರನ್ನು ಶೇ. 40 ಇದ್ದವರಿಗೆ ಮಾತ್ರ ಎಂದು ಸೀಮಿತಗೊಳಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2021ರ ವಿಕಾಸ್ ಕುಮಾರ್ ಪ್ರಕರಣದಲ್ಲಿ ಹೇಳಿದೆ.

ಭಾಷೆಯ ವಿಷಯ ಮರೆಯಬೇಡಿ

ಕನ್ನಡ ಮನೆಯ ಮಗು ಹಿಂದಿಯಲ್ಲಿ ಕೇಳಿದ ಪ್ರಶ್ನೆಗೆ ಸುಮ್ಮನಿದ್ದರೆ ಅದು ಬುದ್ಧಿಯ ತೊಂದರೆಯೋ, ಭಾಷೆಯ ತೊಂದರೆಯೋ? ಎರಡನ್ನೂ ಬೆರೆಸಿದರೆ ಮಗುವಿಗೆ ತಪ್ಪು ಹಣೆಪಟ್ಟಿ ಅಂಟುತ್ತದೆ. ಪರೀಕ್ಷೆ ಮಾಡುವ ವೈದ್ಯರಿಗೆ, ಮನಶ್ಶಾಸ್ತ್ರಜ್ಞರಿಗೆ ಮನೆಮಾತು ಕನ್ನಡ ಎಂದು ಮೊದಲೇ ಹೇಳಿ. ಸಾಧ್ಯವಾದರೆ ನೀವೇ ಪಕ್ಕದಲ್ಲಿದ್ದು ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಲು ಅವಕಾಶ ಕೇಳಿ. ವರದಿಯಲ್ಲೂ ಅದನ್ನು ಬರೆಸಿ.

ಪತ್ರದಲ್ಲಿ ಏನಿರಬೇಕು?

ಒಂದೇ ಪುಟ ಸಾಕು. ಮಗುವಿನ ಹೆಸರು, ವಯಸ್ಸು, ತರಗತಿ. ಮಗುವಿಗೆ ಏನೇನು ಬರುತ್ತದೆ ಎಂಬುದನ್ನು ಮೊದಲು ಬರೆಯಿರಿ, ಯಾವುದು ಕಷ್ಟ ಎಂಬುದನ್ನು ಆಮೇಲೆ. ನಂತರ ಬೇಡಿಕೆ. "ನಮ್ಮ ಮಗುವನ್ನು ಚೆನ್ನಾಗಿ ನೋಡಿಕೊಳ್ಳಿ" ಎಂದರೆ ಯಾರೂ ಏನೂ ಮಾಡಲಾಗದು. "ಮೊದಲ ಬೆಂಚಿನಲ್ಲಿ ಕೂರಿಸಿ, ಬೋರ್ಡಿನಲ್ಲಿ ಬರೆದದ್ದನ್ನು ಗಟ್ಟಿಯಾಗಿ ಓದಿ, ತರಗತಿಯನ್ನು ಕೆಳ ಮಹಡಿಗೆ ತನ್ನಿ" ಎಂದರೆ ನಾಳೆಯೇ ಮಾಡಬಹುದು. ಕಲಮಿನ ಸಂಖ್ಯೆ ಹಾಕಿ, ಇಷ್ಟು ದಿನದೊಳಗೆ ಉತ್ತರ ಕೊಡಿ ಎಂದು ವಿನಂತಿಸಿ. ನಕಲಿನ ಮೇಲೆ ಶಾಲೆಯ ಸೀಲು, ಸಹಿ, ತಾರೀಕು ಹಾಕಿಸಿಕೊಳ್ಳಿ. ತೆಗೆದುಕೊಳ್ಳದಿದ್ದರೆ ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಏಕೆ ಇಷ್ಟೆಲ್ಲ? ಬಾಯಲ್ಲಿ "ಇಲ್ಲ" ಅನ್ನುವುದು ಸುಲಭ. ಅದನ್ನೇ ಕಾಗದದ ಮೇಲೆ ಬರೆದು ಸಹಿ ಹಾಕುವ ಮುಂಚೆ ಯಾರಾದರೂ ಎರಡು ಸಲ ಯೋಚಿಸುತ್ತಾರೆ. ಮೇಲಿನವರಿಗೆ ದೂರು ಕೊಡುವಾಗಲೂ ಕೈಯಲ್ಲಿ ಆಧಾರ ಬೇಕು.

ಉತ್ತರ ಬಾರದಿದ್ದರೆ?

ವಾರಾಣಸಿಯಲ್ಲಿ 8ನೇ ತರಗತಿವರೆಗಿನ ಶಾಲೆಗಳ ವಿಷಯ ಜಿಲ್ಲಾ ಬೇಸಿಕ್ ಶಿಕ್ಷಾ ಅಧಿಕಾರಿಗೆ, ಅದರ ಮೇಲಿನದು ಜಿಲ್ಲಾ ವಿದ್ಯಾಲಯ ನಿರೀಕ್ಷಕರಿಗೆ. ಕರ್ನಾಟಕದಲ್ಲಾದರೆ ಕ್ಷೇತ್ರ ಶಿಕ್ಷಣಾಧಿಕಾರಿ, ನಂತರ ಉಪನಿರ್ದೇಶಕರು. ಅಲ್ಲೂ ಆಗದಿದ್ದರೆ ಆಯಾ ರಾಜ್ಯದ ವಿಕಲಚೇತನರ ಆಯುಕ್ತರಿಗೆ ದೂರು ಕೊಡಬಹುದು. ಉತ್ತರ ಪ್ರದೇಶದವರಿಗೆ ಅದು ಲಖನೌದಲ್ಲಿದೆ, ನಮಗೆ ಬೆಂಗಳೂರಲ್ಲಿ.

"ವಿಶೇಷ ಶಿಕ್ಷಕರೇ ಇಲ್ಲ" ಎಂಬ ಉತ್ತರ ಬಂದರೆ, 2021ರ ಅಕ್ಟೋಬರ್‌ನ ರಜನೀಶ್ ಕುಮಾರ್ ಪಾಂಡೆ ಪ್ರಕರಣವನ್ನು ಹೆಸರಿಸಿ. ಪ್ರಾಥಮಿಕದಲ್ಲಿ 10 ವಿಕಲಚೇತನ ಮಕ್ಕಳಿಗೆ ಒಬ್ಬರು, ಅದರ ಮೇಲೆ 15 ಮಕ್ಕಳಿಗೆ ಒಬ್ಬರು ವಿಶೇಷ ಶಿಕ್ಷಕರಿರಬೇಕು ಎಂದು ಸುಪ್ರೀಂ ಕೋರ್ಟ್ ಹೇಳಿದ್ದು ಅದರಲ್ಲೇ.

ಮೇಷ್ಟ್ರ ಜೊತೆ ಜಗಳ ಬೇಡ. ದಿನಾ ಮಗುವಿನ ಜೊತೆ ಇರುವವರು ಅವರೇ. ಒಳ್ಳೆಯದು ಮಾಡಿದ ದಿನ ಒಂದು ಧನ್ಯವಾದದ ಪತ್ರವನ್ನೂ ಬರೆಯಿರಿ. ಅದೂ ಫೈಲಿನಲ್ಲಿ ಇರಲಿ.

ನಿಮಗೆ ಇದರ ಅಗತ್ಯ ಇಲ್ಲದಿರಬಹುದು. ಪಕ್ಕದ ಮನೆಯವರಿಗೆ ಇರಬಹುದು. ಓದಿ ಮುಗಿಸಿದ ಮೇಲೆ ಈ ಹಾಳೆಯನ್ನು ಅವರ ಕೈಗೆ ಕೊಡಿ. ಜೂನ್ ತಿಂಗಳಲ್ಲಿ ತಪ್ಪಿದ ಅಡ್ಮಿಷನ್ನು ಅಂದರೆ ಮಗುವಿನ ಒಂದು ವರ್ಷ.