ಹಿಮನದಿ ಬಿಟ್ಟುಹೋದ ಒಡ್ಡು

ಹಿಮನದಿಯು ಇಳಿಜಾರಿನಲ್ಲಿ ನಿಧಾನವಾಗಿ ಸರಿಯುವಾಗ ತಳದ ಬಂಡೆಯನ್ನು ಕಿತ್ತು, ಉಜ್ಜಿ, ಪಕ್ಕದ ಕಡಿದಾದ ಬೆಟ್ಟಗಳಿಂದ ಉರುಳಿಬಿದ್ದ ಕಲ್ಲುಗಳನ್ನೂ ಹೊತ್ತು ಸಾಗುತ್ತದೆ. ಮಂಜುಗಡ್ಡೆ ಕರಗಿದ ಮೇಲೆ ಉಳಿಯುವ ಈ ಕಲ್ಲುಮಣ್ಣಿನ ರಾಶಿಯನ್ನು ಮೊರೇನ್ ಎನ್ನುತ್ತಾರೆ. ಹೊಳೆಯ ನೀರು ಕಲ್ಲುಗಳನ್ನು ಉರುಟಾಗಿಸಿ ಗಾತ್ರಕ್ಕನುಗುಣವಾಗಿ ಬೇರ್ಪಡಿಸುತ್ತದೆ. ಮಂಜುಗಡ್ಡೆಗೆ ಅಂತಹ ವಿಂಗಡಣೆ ಸಾಧ್ಯವಿಲ್ಲದ ಕಾರಣ ಮೊರೇನಿನಲ್ಲಿ ಬೃಹತ್ ಬಂಡೆಗಳೂ, ಮೈಮೇಲೆ ನೇರ ಗೀರುಗಳುಳ್ಳ ಕೋನಾಕಾರದ ಕಲ್ಲುಗಳೂ, ಹಿಟ್ಟಿನಂತಹ ನುಣುಪಾದ ಪುಡಿಯೂ ಒಟ್ಟಿಗೆ ಬೆರೆತಿರುತ್ತವೆ. ಹಿಮನದಿಯ ಅಂಚಿನುದ್ದಕ್ಕೂ ನಿಲ್ಲುವ ದಿಣ್ಣೆ ಪಾರ್ಶ್ವ ಮೊರೇನ್. ತುದಿಯಲ್ಲಿ ಅಡ್ಡಲಾಗಿ ನಿಲ್ಲುವುದು ಅಂತ್ಯ ಮೊರೇನ್.

ಸಡಿಲವಾದ ಈ ದಿಣ್ಣೆಗಳು ನೀರನ್ನು ತಡೆದು ನಿಲ್ಲಿಸಿದಾಗ ಎಂತಹ ಅಪಾಯವಿದೆ ಎಂಬುದನ್ನು ಉತ್ತರಾಖಂಡದ ಕೇದಾರನಾಥ ಅತ್ಯಂತ ದಾರುಣವಾಗಿ ಕಂಡಿತು. ಅಲ್ಲಿನ ಚೋರಾಬಾರಿ ಹಿಮನದಿಯ ಪಾರ್ಶ್ವ ಮೊರೇನಿಗೂ ಬೆಟ್ಟದ ಇಳಿಜಾರಿಗೂ ನಡುವೆ, ಗಾಂಧಿ ಸರೋವರವೆಂದೂ ಹೆಸರಾದ ಕೆರೆಯೊಂದಿತ್ತು. 2013ರ ಜೂನ್ 17ರ ಬೆಳಿಗ್ಗೆ, ಎಡೆಬಿಡದ ಮಳೆ ಹಾಗೂ ಕರಗಿದ ಹಿಮದಿಂದ ತುಂಬಿಹೋಗಿದ್ದ ಆ ಕೆರೆಯ ಒಡ್ಡು ಒಡೆದು, ನೀರು ಮೊರೇನಿನ ಬಂಡೆಗಳನ್ನೂ ಕೊಚ್ಚಿಕೊಂಡು ಪಟ್ಟಣದ ಮೇಲೆ ನುಗ್ಗಿತು. ಆ ಪಟ್ಟಣ ನಿಂತಿದ್ದ ನೆಲವೂ ಹಿಂದೆಂದೋ ಹಿಮನದಿ ಮತ್ತು ಅದರ ಕರಗುನೀರು ತಂದು ಹರಡಿದ ನಿಕ್ಷೇಪವೇ ಆಗಿತ್ತೆಂಬುದನ್ನು ಇಲ್ಲಿ ವಿಶೇಷವಾಗಿ ಗಮನಿಸಬೇಕು.