ಸೆರೆಮನೆಯ ಖರ್ಚು ಯಾರದು?

ಸರ್ಕಾರದ ಆಯವ್ಯಯದ ಅಂದಾಜುಪಟ್ಟಿ ಪ್ರಕಟವಾದಾಗ ನಾವು ಮೊದಲು ತೆರಿಗೆಯ ಭಾಗವನ್ನು ಓದುತ್ತೇವೆ. ವಿದ್ಯಾಭ್ಯಾಸ, ನೀರಾವರಿಗಳ ಮೇಲೂ ಒಮ್ಮೆ ಕಣ್ಣು ಹಾಯಿಸುತ್ತೇವೆ. ಸೆರೆಮನೆಯ ಬಾಬು ಬಂದಿತೆಂದರೆ ಹಾಳೆ ಮಗುಚುತ್ತೇವೆ. ಕಳ್ಳರ ಊಟಕ್ಕೆ ನಮ್ಮ ಹಣವೇಕೆಂದು ಕೇಳುವವರೂ ಉಂಟು. ಬೊಕ್ಕಸವು ಕೊಡದಿದ್ದರೆ ಆ ಖರ್ಚು ಯಾರ ತಲೆಯ ಮೇಲೆ ಬೀಳುತ್ತದೆಂಬುದನ್ನು ಇಂಗ್ಲೆಂಡಿನ ಚರಿತ್ರೆಯಲ್ಲಿ ಸ್ಪಷ್ಟವಾಗಿ ಕಾಣಬಹುದು.

ಹದಿನೆಂಟನೆಯ ಶತಮಾನದಲ್ಲಿ ಅಲ್ಲಿಯ ಅನೇಕ ಸೆರೆಮನೆಗಳ ಜೈಲರನಿಗೆ ಸಂಬಳವೇ ಇರಲಿಲ್ಲ. ಬಂದಿಗಳು ಕೊಡುವ ರುಸುಮೇ ಅವನ ಜೀವನೋಪಾಯ. ಹಾಸಿಗೆಗೆ ಹಣ, ಬೇಡಿಯನ್ನು ಹಗುರಮಾಡುವುದಕ್ಕೆ ಹಣ, ಕಡೆಗೆ ಬಾಗಿಲು ದಾಟಿ ಹೊರಗೆ ಹೋಗುವುದಕ್ಕೂ ಹಣ! ಸೆರೆಮನೆಯೊಳಗೇ ಮದ್ಯ ಮಾರಿ ಲಾಭ ಪಡೆಯುವುದೂ ನಡೆದಿತ್ತು. ತೆರಿಗೆದಾರರ ಹೊರೆ ಹಗುರವಾಗಿದ್ದುದರಿಂದ ಈ ಏರ್ಪಾಡು ಅವರಿಗೆ ದೋಷವಾಗಿ ತೋರಲಿಲ್ಲ.

1773ರಲ್ಲಿ ಜಾನ್ ಹೋವರ್ಡ್ ಎಂಬಾತನು ಬೆಡ್‌ಫರ್ಡ್ ಪ್ರಾಂತದ ಷೆರೀಫನಾದನು. ಸೆರೆಮನೆಯನ್ನು ಸ್ವತಃ ಹೋಗಿ ನೋಡುವ ಪದ್ಧತಿ ಆ ಹುದ್ದೆಯವರಲ್ಲಿ ಅಪರೂಪ, ಇವನು ಹೋದನು. ನ್ಯಾಯಸ್ಥಾನವು ನಿರ್ದೋಷಿಗಳೆಂದು ಬಿಡುಗಡೆಮಾಡಿದವರೂ ಜೈಲರನ ರುಸುಮು ತೆರಲಾರದೆ ಮತ್ತೆ ಒಳಗೇ ಕೊಳೆಯುತ್ತಿದ್ದುದನ್ನು ಕಂಡನು. ಜೈಲರನಿಗೆ ಸಂಬಳ ಗೊತ್ತುಮಾಡಿರೆಂದು ಪ್ರಾಂತದ ನ್ಯಾಯಾಧಿಕಾರಿಗಳನ್ನು ಬೇಡಿದನು. ಅವರು, ಬೇರೆಲ್ಲಾದರೂ ಹಾಗೆ ಮಾಡಿದ ಮೇಲ್ಪಂಕ್ತಿಯುಂಟೇ ಎಂದು ಕೇಳಿದರು. (ಕಚೇರಿಗಳ ಈ ಪ್ರಶ್ನೆ ನಮಗೂ ಅಪರಿಚಿತವಲ್ಲ.) ಹೋವರ್ಡನು ಮೇಲ್ಪಂಕ್ತಿಯನ್ನು ಹುಡುಕುತ್ತ ನೆರೆಯ ಪ್ರಾಂತಗಳಿಗೆ ಹೊರಟನು. ಕಂಡದ್ದೆಲ್ಲ ಅದೇ ಅನ್ಯಾಯ. ಅದರ ಜೊತೆಗೆ ಸೆರೆಮನೆಯ ಜ್ವರ. ಗಲ್ಲಿಗೇರುವವರಿಗಿಂತ ಈ ಜ್ವರದಿಂದ ಸಾಯುವವರೇ ಹೆಚ್ಚೆಂದು ಅವನು ತಿಳಿಸಿದನು. 1774ರಲ್ಲಿ ಪಾರ್ಲಿಮೆಂಟು, ನಿರ್ದೋಷಿಗಳನ್ನು ರುಸುಮಿಲ್ಲದೆ ಬಿಡಬೇಕೆಂದೂ ಜೈಲರನ ನಷ್ಟವನ್ನು ಪ್ರಾಂತದ ಹಣದಿಂದ ಭರಿಸಬೇಕೆಂದೂ ಶಾಸನ ಮಾಡಿತು. ಆದರೂ ರುಸುಮಿನ ಪದ್ಧತಿ ಪೂರ್ತಿ ರದ್ದಾಗಲು 1815 ಬರಬೇಕಾಯಿತು. 1877ರ ಶಾಸನದಿಂದ ಸ್ಥಳೀಯ ಸೆರೆಮನೆಗಳೆಲ್ಲ ಕೇಂದ್ರ ಸರ್ಕಾರದ ವಶಕ್ಕೂ ವೆಚ್ಚಕ್ಕೂ ಸೇರಿದವು.

ಪೋಲೀಸಿನ ವಿಷಯದಲ್ಲಿ ಬೇರೊಂದು ಉಪಾಯ ನಡೆಯಿತು. 1856ರಿಂದ, ಇನ್‌ಸ್ಪೆಕ್ಟರರು ದಕ್ಷವೆಂದು ಒಪ್ಪಿದ ದಳದ ಸಂಬಳ ಮತ್ತು ಉಡುಪಿನ ವೆಚ್ಚದಲ್ಲಿ ಕಾಲು ಭಾಗವನ್ನು ಸರ್ಕಾರ ಕೊಡುತ್ತಿತ್ತು; 1874ರಲ್ಲಿ ಅದು ಅರ್ಧವಾಯಿತು.

ನಮ್ಮ ಸಂವಿಧಾನದ ಪ್ರಕಾರ ಪೋಲೀಸು, ಸೆರೆಮನೆಗಳೆರಡೂ ರಾಜ್ಯಗಳ ಪಟ್ಟಿಗೆ ಸೇರಿವೆ. ಖರ್ಚಿನ ಹೆಚ್ಚಿನ ಭಾಗ ರಾಜ್ಯದ ಬೊಕ್ಕಸದ್ದೇ. ಇಲ್ಲಿ ಜೈಲರನಿಗೆ ಸಂಬಳವುಂಟು, ರುಸುಮಿಲ್ಲ. ಆದರೆ 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ಇನ್ನೂ ವಿಚಾರಣೆ ಮುಗಿಯದವರು. ಇವರಲ್ಲಿ ಜಾಮೀನಿನ ಆಜ್ಞೆ ದೊರೆತರೂ ಹಣ ಹೊಂದಿಸಲಾರದೆ ಒಳಗೇ ಉಳಿದವರಿದ್ದರು. ಹೋವರ್ಡನು ಕಂಡ ಬಾಗಿಲೇ ಇದು. ಹಣ ಕೇಳುವವನು ಮಾತ್ರ ಜೈಲರನಲ್ಲ. 2023ರಲ್ಲಿ ಕೇಂದ್ರ ಸರ್ಕಾರವು ಬಡ ಬಂದಿಗಳಿಗಾಗಿ ಒಂದು ಯೋಜನೆಯನ್ನು ಹೊರಡಿಸಿತು. ಆಗಿನ ನಿಯಮದಂತೆ, ಜಾಮೀನು ದೊರೆತು ಏಳು ದಿನಗಳಾದರೂ ಬಿಡುಗಡೆಯಾಗದವನ ಹೆಸರನ್ನು ಸೆರೆಮನೆಯ ಅಧಿಕಾರಿಯು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಜಿಲ್ಲೆಯ ಸಮಿತಿಯು ಅವನ ಬಡತನವನ್ನು ವಿಚಾರಿಸಿ, ಜಾಮೀನಿಗೆ 40,000 ರೂಪಾಯಿಗಳವರೆಗೆ, ದಂಡಕ್ಕೆ 25,000 ರೂಪಾಯಿಗಳವರೆಗೆ ಮಂಜೂರು ಮಾಡಬಹುದು. ಹೆಸರನ್ನು ಬರೆದು ಕಳುಹಿಸುವ ಕೆಲಸ ಮಾತ್ರ ಇಂದಿಗೂ, ಬೆಡ್‌ಫರ್ಡಿನಲ್ಲಿದ್ದಂತೆಯೇ, ಒಳಗೆ ಹೋಗಿ ನೋಡುವ ಒಬ್ಬ ಮನುಷ್ಯನದು.